ಭಟ್ಟಿಯ ಮೊದಲ ಬಿಸಿ

ಬೇಕರಿಗೆ ಬರಿಗೈಯಲ್ಲಿ ಹೋಗಿ ಕೈತುಂಬ ತರುವುದು ನಮ್ಮ ಮಂಗಳೂರಿನ ಕ್ರಮ. ಬೈಲಹೊಂಗಲಕ್ಕೆ ಬಂದ ಎರಡನೇ ವಾರ ನಮ್ಮ ಬಾಡಿಗೆ ಮನೆಯ ಹಿಂದಿನ ಓಣಿಯ ಬೇಕರಿಗೆ ಹೋದರೆ, ಹತ್ತು ಹನ್ನೆರಡು ಹೆಂಗಸರು ಹಿಟ್ಟು, ಸಕ್ಕರೆ, ತುಪ್ಪದ ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದಾರೆ. ದಿನಸಿ ಹಂಚುತ್ತಿದ್ದಾರೇನೋ ಎಂದುಕೊಂಡು ನಾನೂ ಸಾಲಿನ ಕೊನೆಗೆ ನಿಂತೆ.

‘ನಿಮ್ಮ ಹಿಟ್ಟ ಎಲ್ಲೈತ್ರಿ ಬಾಯಾರ?’ ಎಂದು ಮುಂದಿದ್ದ ಹೆಂಗಸು ಕೇಳಿದಳು. ಬ್ರೆಡ್ ಕೊಳ್ಳಲು ಬಂದೆ ಎಂದೆ. ಸಾಲಿಗೆ ಸಾಲೇ ನಕ್ಕಿತು.

ಇಲ್ಲಿ ಹಬ್ಬ ಹತ್ತಿರ ಬಂದರೆ, ನೆಂಟರು ಬರುವುದಿದ್ದರೆ, ಮನೆಯಿಂದಲೇ ಸಾಮಾನು ಒಯ್ದು ಬೇಕರಿಯ ಭಟ್ಟಿಯಲ್ಲಿ ಬಿಸ್ಕತ್ತು ಸುಡಿಸಿಕೊಂಡು ಬರುತ್ತಾರೆ. ಭಟ್ಟಿಯೆಂದರೆ ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಒಳಗೆ ಕೂರಬಹುದಾದಷ್ಟು ದೊಡ್ಡ ಇಟ್ಟಿಗೆಯ ಒಲೆ. ಒಂದು ಓಣಿಗೆಲ್ಲ ಒಂದೇ ಒಲೆ ಎಂಬುದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನನ್ನನ್ನು ಪ್ರಶ್ನೆ ಕೇಳಿದ ನೀಲವ್ವ ನಮ್ಮ ಪಕ್ಕದ ಮನೆಯವಳೇ ಎಂಬುದು ಅಂದೇ ತಿಳಿಯಿತು.

ನಾನು ಇಲ್ಲಿಯ ಕಾಲೇಜೊಂದರಲ್ಲಿ ಗಣಿತ ಕಲಿಸಲು ಬಂದವಳು. ನನಗೆ ಕೆಲಸವಿತ್ತು, ಹುಡುಗರಿದ್ದರು, ದಿನ ಹೋಗುತ್ತಿತ್ತು. ಕಷ್ಟವಾದದ್ದು ಜೊತೆಗೆ ಬಂದ ಅಮ್ಮನಿಗೆ. ಮಂಗಳೂರಿನ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದವಳು ಅವಳು. ಭಾನುವಾರ ಬೆಳಗಿನ ತಿಂಡಿಗೆ ಅವಳು ಮಾಡುತ್ತಿದ್ದ ಅನಾನಸಿನ ಪಫ್‌ಗಾಗಿ ಮಕ್ಕಳು ಹಲ್ಲುಜ್ಜದೆ ಓಡಿ ಬರುತ್ತಿದ್ದರಂತೆ. ಆ ಕೈಗಳಿಗೆ ಇಲ್ಲಿ ಕೆಲಸವಿರಲಿಲ್ಲ. ಬೆಳಗಿನ ನಾಷ್ಟಾಕ್ಕೆಂದು ನೀಲವ್ವ ಕಳಿಸುತ್ತಿದ್ದ ಸುಸಲಾ, ಎಂದರೆ ಚುರುಮುರಿ ನೆನೆಸಿ ಹಾಕಿದ ಒಗ್ಗರಣೆ, ಅಮ್ಮನ ಕಣ್ಣಲ್ಲಿ ನೀರು ತರಿಸುತ್ತಿತ್ತು. ಕಿಟಕಿಯಾಚೆಯ ಕರಿಮಣ್ಣಿನ ಹೊಲ ಮತ್ತು ಮುಗಿಯದ ಆಕಾಶವನ್ನು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ, ಅವಳು ಗೋಡೆ ನೋಡುತ್ತಿದ್ದಳು.

‘ಎಂಥ ಮಾಡ್ಲಿಕ್ಕುಂಟು ನನಗೆ ಇಲ್ಲಿ? ದೀಪಾವಳಿಗೆ ಊರಿಗೆ, ನನ್ನ ತಮ್ಮನ ಮನೆಗೆ ಬಿಟ್ಟು ಬಾ ಮಾರಾಯ್ತಿ. ಮತ್ತೆ ಕರೀಬೇಡ’ ಎಂದಳು. ನಾನು ಹೂಂ ಎಂದೆ. ಅವಳಿಲ್ಲದ ಮನೆಯನ್ನು ನೆನೆದರೆ ಭಯವಾಗುತ್ತಿತ್ತು.

ನೀಲವ್ವನಿಗೆ ಇದನ್ನು ಹೇಳಿದ್ದು ನಾನೇ. ಮರುದಿನ ಅವಳು ಯರಗಟ್ಟಿಯ ತವರಿನಿಂದ ಬಂದ ಒಂದು ಬುಟ್ಟಿ ಪೇರಲವನ್ನು ಅಮ್ಮನ ಮುಂದಿಟ್ಟಳು. ನಮ್ಮ ಪೇರಳೆಗೇ ಇಲ್ಲಿ ಪೇರಲ ಎನ್ನುತ್ತಾರೆ. ‘ಆಯಿ, ಭಟ್ಟಿ ಐತಿ, ಹಣ್ಣ ಅದಾವು. ಇನ್ನೇನ ಬೇಕ್ರಿ?’ ಎಂದಳು.

ಅಮ್ಮ ಒಲ್ಲೆ ಎನ್ನುತ್ತಲೇ ಹಣ್ಣು ಹೆಚ್ಚತೊಡಗಿದಳು. ಬೀಜ ತೆಗೆದು, ಬೆಲ್ಲ ಹಾಕಿ, ಸೌಟು ನಿಲ್ಲುವಷ್ಟು ಗಟ್ಟಿಯಾಗುವವರೆಗೆ ಕಾಯಿಸಿದಳು. ಮೈದಾ ಲಟ್ಟಿಸಿ, ಎಮ್ಮೆಯ ಬೆಣ್ಣೆ ಸವರಿ, ಮಡಿಸಿ, ಒದ್ದೆ ಬಟ್ಟೆ ಹೊದಿಸಿ, ಮತ್ತೆ ಲಟ್ಟಿಸಿದಳು. ಎಪ್ಪತ್ತು ದಾಟಿದ ಆ ಕೈ ಒಮ್ಮೆಯೂ ತಡವರಿಸಲಿಲ್ಲ. ನಾನು ಬರಿದೇ ನೋಡುತ್ತ ನಿಂತಿದ್ದೆ.

ಮಧ್ಯಾಹ್ನ ಎಲ್ಲರ ಬಿಸ್ಕತ್ತಿನ ಜೊತೆ ನಮ್ಮ ತಟ್ಟೆಯೂ ಒಳಗೆ ಹೋಯಿತು. ಹೊರಗೆ ಬಂದಾಗ ಪಫ್‌ಗಳು ಚಪ್ಪಟೆಯಾಗಿ ಮಲಗಿದ್ದವು. ಬೆಣ್ಣೆಯೆಲ್ಲ ತಟ್ಟೆಗೆ ಹರಿದಿತ್ತು. ಅಮ್ಮ ತಟ್ಟೆಯನ್ನು ಅಲ್ಲೇ ಬಿಟ್ಟು ನಡೆದಳು. ಮನೆಗೆ ಬಂದು ‘ಟಿಕೆಟ್ ತೆಗಿ’ ಎಂದಳು.

ಸಂಜೆ ಬಾಗಿಲಲ್ಲಿ ಬೇಕರಿಯ ಮಾಬೂಸಾಬರು ನಿಂತಿದ್ದರು, ತೊಳೆದ ನಮ್ಮ ತಟ್ಟೆ ಹಿಡಿದುಕೊಂಡು. ‘ಆಯಿ, ನಿಮ್ಮ ಕೈದೇನ ತಪ್ಪಿಲ್ಲರಿ. ಭಟ್ಟಿ ಆರಿತ್ತು. ಬಿಸ್ಕತ್ತಿಗೆ ಸಣ್ಣ ಬಿಸಿ ಸಾಕು, ನಿಮ್ಮ ಮಾಲಿಗೆ ಮೊದಲನೇ ಬಿಸಿನ ಬೇಕು. ರವಿವಾರ ನಸುಕಿನ್ಯಾಗ ಬರ್ರಿ. ಬ್ರೆಡ್ಡಿಗಿಂತ ಮೊದಲ ನಿಮ್ಮದ ಇಡೂಣು’ ಎಂದರು.

‘ನಿಮ್ಮ ಬ್ರೆಡ್ ತಡ ಆಗ್ತದಲ್ಲ?’ ಎಂದಳು ಅಮ್ಮ.

‘ಆಗವಲ್ದ್ಯಾಕ. ಒಂದಿನ ಮಂದಿ ಕಾಯತಾರ.’

ಒಲೆಯ ಮೊದಲ ಬಿಸಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದೆಂದರೆ ಏನೆಂದು ಮೂವತ್ತು ವರ್ಷ ಒಲೆಯ ಮುಂದೆ ನಿಂತವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಮ್ಮ ಬಹಳ ಹೊತ್ತು ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

ಆ ಭಾನುವಾರ ಇನ್ನೂ ಬೆಳಕು ಹರಿಯುವ ಮುಂಚೆ ಭಟ್ಟಿಯ ಬಾಗಿಲು ತೆರೆದಾಗ ಒಳಗೋಡೆಯೆಲ್ಲ ಕೆಂಪಾಗಿತ್ತು. ಉದ್ದ ಕೋಲಿನ ಹಲಗೆಯ ಮೇಲೆ ತಟ್ಟೆ ಒಳಗೆ ಜಾರಿತು. ನಮ್ಮ ಕಣ್ಣೆದುರೇ ಪದರಗಳು ಒಂದೊಂದಾಗಿ ಬಿಡಿಸಿಕೊಂಡು ಎದ್ದವು. ನಾನು ಕೈ ಮುಗಿಯುವುದೊಂದು ಬಾಕಿ. ಮಾಬೂಸಾಬರೂ ಕೋಲು ಹಿಡಿದವರು ಹಾಗೇ ನಿಂತರು. ಅಮ್ಮ ಮಾತ್ರ ‘ಇನ್ನು ತೆಗೀರಿ’ ಎಂದಳು, ಹಾಸ್ಟೆಲಿನ ಅಡುಗೆಯವಳ ದನಿಯಲ್ಲಿ. ಆ ದನಿ ಕೇಳಿ ವರ್ಷವಾಗಿತ್ತು.

ನೀಲವ್ವ ಒಂದನ್ನು ಕಚ್ಚಿ ಕಣ್ಣು ಮುಚ್ಚಿದಳು. ‘ಬಾಯಾಗ ಕರಗಾಕ ಹತ್ತೇತಿ ನೋಡ್ರಿ’ ಎಂದಳು. ಆಮೇಲೆ ತಾನು ತಂದಿದ್ದ ಡಬ್ಬಿ ತೆರೆದು ಉಳಿದರ್ಧಕ್ಕೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡಳು. ಅಮ್ಮನ ಮುಖ ನೋಡುವ ಹಾಗಿತ್ತು. ಮುಂದಿನ ಭಾನುವಾರ ಅಮ್ಮನೇ ಕದ್ದು ಉದುರಿಸಿಕೊಂಡದ್ದನ್ನು ನಾನು ನೋಡಿದೆ.

ಹೇಳಿದ ಮಾತಿನಂತೆ ದೀಪಾವಳಿಗೆ ಅವಳನ್ನು ಮಾವನ ಮನೆಗೆ ಬಿಟ್ಟು ಬಂದೆ. ಬಾ ಎಂದು ಕರೆಯಲಿಲ್ಲ, ಕರೆಯಬೇಡ ಎಂದಿದ್ದಳಲ್ಲ. ಎಂಟು ದಿನ ಮನೆ ಬಿಕೋ ಎಂದಿತು. ಒಂಬತ್ತನೇ ದಿನ ಫೋನು ಬಂತು.

‘ಮೀನು ತಿಂದೆ, ಸಮುದ್ರ ನೋಡಿದೆ. ಊರು ಊರೇ’ ಎಂದಳು. ಆಮೇಲೆ, ‘ನಿನ್ನೆ ಬೇಕರಿಗೆ ಹೋಗಿದ್ದೆ. ಬರಿಗೈಯಲ್ಲಿ ಹೋಗ್ಲಿಕ್ಕೆ ಎಂಥದೋ ಆಯ್ತು’ ಎಂದಳು.

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

‘ಅನಾನಸು ತರ್ತೇನೆ. ಮಾಬೂಸಾಬರಿಗೆ ಹೇಳು, ಭಾನುವಾರದ ಮೊದಲ ಬಿಸಿ ನನಗೆ ಇಡ್ಲಿಕ್ಕೆ.’

ಫೋನಿಟ್ಟವಳೇ ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಓಣಿಗೆ ಹೋಗಿ ಹೇಳಿ ಬಂದೆ.