ನೆನಿತಕ್ಕನ ಹಳದಿ ಅಂಗಿ

ಫಿಲಿಪೀನ್ಸ್‌ನ ಸೆಬು ಊರಲ್ಲಿ ಕಾಮಿಕ್ಸ್ ಅಭಿಮಾನಿಗಳ ಮೇಳ ಹತ್ತಿರ ಬಂತೆಂದರೆ, ಅದಕ್ಕೆ ಜನ ಕೂಡಿಸುವ ನೆನಿತಕ್ಕನ ಕಣ್ಣಿಗೆ ಬಿದ್ದವರೆಲ್ಲ ಸ್ವಯಂಸೇವಕರೇ. ಊರ ಬಾಡಿಗೆ ಬಂಡಿ ಜೀಪ್ನಿಯಲ್ಲಿ ಪಕ್ಕ ಕೂತವನಿಗೆ, “ಇಷ್ಟೆತ್ತರ ಬೆಳೆದಿದ್ದೀಯಲ್ಲಪ್ಪಾ, ಬ್ಯಾನರ್ ಕಟ್ಟೋಕೆ ಬಾ!” ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಹೊರಬಂದ ಪಾದ್ರಿಗೆ, “ಫಾದರ್, ನಿಮ್ಮ ದನಿಗೆ ಮೈಕ್ ಯಾಕೆ? ಕ್ಯೂ ನೀವೇ ನೋಡ್ಕೊಳ್ಳಿ.” ಹೋದ ವರ್ಷ ರಟ್ಟಿನ ಕತ್ತಿ ಹಿಡಿದು ಬಂದ ರಾಕ್ಷಸ ವೇಷದವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದು ಆ ಪಾದ್ರಿಯೇ. ಸಂಬಳ ಕೇಳಿದರೆ, “ಹಳದಿ ಅಂಗಿ, ಹೊಟ್ಟೆ ತುಂಬ ಪನ್ಸಿತ್ ನೂಡಲ್ಸ್!” ಎಂದು ನಗುತ್ತಾಳೆ. ಎಷ್ಟೇ ಜನ ಸೇರಲಿ, ಸ್ವಯಂಸೇವಕರ ಆ ಹಳದಿ ಅಂಗಿಗಳಲ್ಲಿ ಒಂದನ್ನು ಮಾತ್ರ ಯಾರಿಗೂ ಕೊಡದೆ ಚೀಲದಲ್ಲಿಟ್ಟುಕೊಂಡಿರುತ್ತಾಳೆ. ಮೇಳದ ದಿನ, ಆಸೆಯಿಂದ ವೇಷ ಹಾಕಿಕೊಂಡು ಬಂದು, ಮಾತಾಡಿಸುವವರಿಲ್ಲದೆ ಗೋಡೆಗೊರಗಿ ನಿಂತ ಹುಡುಗಿಯನ್ನು ಹುಡುಕಿ, “ಎಲ್ಲೋಗಿದ್ಯೇ ಇಷ್ಟೊತ್ತು? ನಿನಗೇ ಕಾಯ್ತಿದ್ವಿ!” ಎಂದು ವೇಷದ ಮೇಲೇ ಅದನ್ನು ತೊಡಿಸುತ್ತಾಳೆ. ತನ್ನ ಮೊದಲ ಮೇಳದಲ್ಲಿ ನೆನಿತಕ್ಕ ಅದೇ ಗೋಡೆಗೊರಗಿ ನಿಂತಿದ್ದು, ಯಾರೂ ಮಾತಾಡಿಸದೆ ಹಾಗೆಯೇ ಮನೆಗೆ ಹೋದವಳು.