ಕೊನೆಯ ಪಾಳಿಯ ಚಿಪ್ಪಿನ ಹುಳ

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಕಾಲುವೆಯ ಏರಿ ಹಿಡಿದು ನಡೆದರೆ ಮೊದಲು ಭತ್ತ ಸಿಗುತ್ತಿತ್ತು, ಆಮೇಲೆ ಹತ್ತಿ, ಕೊನೆಗೆ ತೊಗರಿ. ನೀರು ಎಲ್ಲಿಯವರೆಗೆ ಬರುತ್ತದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ, ಬೆಳೆಯೇ ಹೇಳುತ್ತಿತ್ತು. ಆ ಕೊನೆಯ ತೊಗರಿ ನಮ್ಮದು. ಅದರ ಪಕ್ಕದಲ್ಲಿ ನಮ್ಮ ಮುತ್ಯಾ, ಅಪ್ಪನ ಅಪ್ಪ, ಹಟಕ್ಕೆ ಬಿದ್ದು ಒಂದು ಪಟ್ಟಿ ಮೆಣಸಿನಗಿಡ ಹಚ್ಚಿದ್ದ. ಕಾಲುವೆ ಬಂದ ಮೇಲೂ ಬರೀ ತೊಗರಿ ಬಿತ್ತಿದರೆ ಕಾಲುವೆಗೆ ಅವಮಾನ ಎಂಬುದು ಅವನ ಮಾತು.

ಆ ವರ್ಷ ದಸರಾ ಸೂಟಿಗೆ ಯಾದಗಿರಿಯಿಂದ ದೊಡ್ಡಪ್ಪನ ಮಗ ಬಂದ. ಅವನ ಚೀಲದಲ್ಲಿ ಅಂಗೈಯಗಲದ ಒಂದು ಆಟದ ಡಬ್ಬಿ ಇತ್ತು. ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಯಾರೋ ಆಡಿ ಬಿಟ್ಟದ್ದನ್ನು ದೊಡ್ಡಪ್ಪ ತಂದುಕೊಟ್ಟಿದ್ದ. ಆಟದೊಳಗೆ ಒಬ್ಬ ಹುಡುಗ ಹುಲ್ಲುಗಾವಲು, ಗುಡ್ಡ, ಗವಿ ತಿರುಗುತ್ತ ವಿಚಿತ್ರ ಪ್ರಾಣಿಗಳಿಗೆ ಎದುರಾಗುತ್ತಾನೆ. ಅವನ್ನು ಸೋಲಿಸಬಹುದು, ಇಲ್ಲವೇ ಹಿಡಿದು ಸಾಕಬಹುದು. ಸಾಕಿದವು ಕಾದಾಡಿ ಗೆದ್ದಂತೆಲ್ಲ ಬೆಳೆದು ರೂಪ ಬದಲಿಸುತ್ತವೆ. ಸಂಗಡ ಒಯ್ಯಲು ಜಾಗ ಇರುವುದು ಆರಕ್ಕೆ ಮಾತ್ರ.

ಡಬ್ಬಿ ಒಂದು, ಒಳಗೆ ಮುಂದುವರಿಸುವ ಆಟವೂ ಒಂದೇ, ಆಡುವವರು ಮೂವರು. ಬೆಳಿಗ್ಗೆ ದೊಡ್ಡಪ್ಪನ ಮಗ, ಮಧ್ಯಾಹ್ನ ನಮ್ಮಣ್ಣ, ಹೊತ್ತು ಇಳಿದ ಮೇಲೆ ನಾನು. ಹೊಸ ಸೆಲ್ಲುಗಳ ಬಲವೆಲ್ಲ ಅವರಿಬ್ಬರಲ್ಲೇ ತೀರುತ್ತಿತ್ತು. ನನ್ನ ಪಾಲಿಗೆ ಸತ್ತ ಸೆಲ್ಲುಗಳು. ಅವನ್ನು ಇಡೀ ದಿನ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟು, ಬಿಸಿ ಆರುವ ಮೊದಲೇ ಡಬ್ಬಿಗೆ ಹಾಕುತ್ತಿದ್ದೆ. ಪರದೆ ಮಬ್ಬಾಗಿ ಹೊತ್ತಿಕೊಂಡು, ನಾಲ್ಕು ಹೆಜ್ಜೆ ನಡೆಯುವುದರೊಳಗೆ ಕೆಂಪು ದೀಪ ಮಿಣುಕುತ್ತಿತ್ತು.

ಅಂಥ ಮಬ್ಬಿನಲ್ಲೇ ಒಂದು ಸಂಜೆ ನನಗೆ ಆ ಹುಳ ಸಿಕ್ಕಿತು. ಗಾತ್ರ ಸಣ್ಣದು, ಬೆನ್ನ ತುಂಬ ಅಡ್ಡಡ್ಡ ಪಟ್ಟಿಯ ಚಿಪ್ಪು. ಹೊಡೆದೆ, ಮುದುಡಿಕೊಂಡಿತು. ಮತ್ತೆ ಹೊಡೆದೆ, ಮುದುಡಿಕೊಂಡೇ ಇತ್ತು. ಓಡಲಿಲ್ಲ, ಬೀಳಲೂ ಇಲ್ಲ. ನನಗೆ ಅದರ ಹಟ ಹಿಡಿಸಿತು. ಹಿಡಿದೆ.

ಮರುದಿನ ಬೆಳಿಗ್ಗೆ ಡಬ್ಬಿ ತೆರೆದ ದೊಡ್ಡಪ್ಪನ ಮಗ ಅಣ್ಣನನ್ನು ಕೂಗಿ ಕರೆದ. "ಏ ಬಾ ಇಲ್ಲಿ. ನಿಮ್ಮ ತಂಗಿ ಹುಳ ಸಾಕ್ಯಾಳ."

ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಿಗೆ ಎಣ್ಣೆ ಎನ್ನುತ್ತಾರೆ. ಹತ್ತಿ ಬಂದ ಮೇಲೆ ಎಲ್ಲರ ಮನೆಯಲ್ಲೂ ಎಣ್ಣೆಯ ಮಾತೇ. ಹೀಗಾಗಿ ಇವರಿಬ್ಬರೂ ಆಟದಲ್ಲಿ ಹುಳ ಕಂಡರೆ ಹಿಡಿಯುವ ಯೋಚನೆಯನ್ನೇ ಮಾಡದೆ ಹೊಡೆದು ಮುಂದೆ ಹೋಗುತ್ತಿದ್ದರು. ಬೇರೆ ಊರಿನ ಹುಡುಗರು ಎಷ್ಟೋ ಬಗೆಯ ಹುಳ ಸಾಕಿಕೊಂಡಿದ್ದರಂತೆ. ನಮ್ಮ ಡಬ್ಬಿಯಲ್ಲಿ ನನ್ನದಲ್ಲದೆ ಒಂದೂ ಇರಲಿಲ್ಲ.

"ಹುಳಕ್ಕ ಎಣ್ಣಿ ಹೊಡೀತಾರ ಬೇ, ಉಣ್ಣಾಕ ಹಾಕಂಗಿಲ್ಲ" ಎಂದ ಅಣ್ಣ.

"ಆರು ಜಾಗದಾಗ ಒಂದು ಜಾಗ ಸುಮ್ನ ಹೋತು. ಬಿಟ್ಟುಬಿಡ್ತೀನಿ" ಎಂದು ದೊಡ್ಡಪ್ಪನ ಮಗ ಗುಂಡಿ ಒತ್ತಲು ಹೋದ. ಒಮ್ಮೆ ಬಿಟ್ಟರೆ ಅದು ಮರಳಿ ಬರುವುದಿಲ್ಲ.

ನಾನು ಅವನ ಕೈ ಹಿಡಿದೆ. "ಸೂಟಿ ಮುಗಿಯೂದ್ರಾಗ ಇದು ದೊಡ್ಡದಾಗ್ತದ. ಆಗ್ಲಿಲ್ಲಂದ್ರ ನೀನಽ ಬಿಡು, ನಾ ಏನೂ ಅನ್ನಂಗಿಲ್ಲ."

"ನಿನ್ನ ಬಿಸಿಲು ಸೆಲ್ಲಿನ ಮ್ಯಾಲ?" ಎಂದು ನಕ್ಕ. ಆದರೂ ಒಪ್ಪಿದ.

ನಗುವಂಥದ್ದೇ ಆಗಿತ್ತು. ದಿನಕ್ಕೊಂದು ಕಾಳಗ ಗೆಲ್ಲುವಷ್ಟರಲ್ಲಿ ಪರದೆ ಕಪ್ಪಾಗುತ್ತಿತ್ತು. ಸೂಟಿ ಅರ್ಧ ಸವೆದರೂ ಹುಳ ಇದ್ದಲ್ಲೇ ಇತ್ತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಮುತ್ಯಾನಿಗೆ ಬುತ್ತಿ ಒಯ್ದೆ. ಅವನು ಕಾಲುವೆಯ ಮೇಲ್ಭಾಗದಲ್ಲಿ, ತೂಬಿನ ಹತ್ತಿರದ ಬೇವಿನ ಮರದ ಕೆಳಗೆ, ಭತ್ತದ ಗದ್ದೆಯವರ ನಡುವೆ ಕೂತಿದ್ದ. ನಾಲ್ಕು ದಿನದಲ್ಲಿ ಕಾಲುವೆಗೆ ನೀರು ಬಿಡುವವರಿದ್ದರು. ಪಾಳಿಯ ಮಾತು ನಡೆದಿತ್ತು.

"ಹೆಚ್ಚಿಗಿ ನೀರು ಬೇಡಾಕ ಬಂದಿಲ್ಲ ನಾ" ಎನ್ನುತ್ತಿದ್ದ ಮುತ್ಯಾ. "ಪಾಳಿ ತಿರುವಿ ಹಾಕ್ರಿ ಅಂತೀನಿ. ಈ ಸರ್ತಿ ತುದಿಯಿಂದ ಸುರು ಆಗ್ಲಿ."

ಗದ್ದೆಯವರಲ್ಲಿ ಒಬ್ಬ ದಪ್ಪ ಮೀಸೆಯವನು ನಕ್ಕ. "ಮುತ್ಯಾ, ನೀರು ಮ್ಯಾಲಿಂದ ಕೆಳಗ ಹರೀತದ್ರಿ. ಕೆಳಗಿಂದ ಮ್ಯಾಲ ಏರ್ತದೇನು?"

"ಹರಿಯೂದು ನೀರಿನ ಕೆಲಸ. ತೂಬು ಮುಚ್ಚೂದು ನಿನ್ನ ಕೆಲಸ. ನೀ ಮುಚ್ಚು, ಅದು ತಾನಽ ನಮ್ಮಲ್ಲಿಗಿ ಬರ್ತದ."

"ನಮ್ಮ ಗದ್ದಿ ಒಣಗಿದ್ರ?"

"ನಿನ್ನ ಗದ್ದ್ಯಾಗ ಎಮ್ಮಿ ಈಜಾಕತ್ತಾವ. ಒಣಗೂದು ಯಾವಾಗ?"

ಕೂತವರೆಲ್ಲ ನಕ್ಕರು, ಮೀಸೆಯವನೂ ನಕ್ಕ. ಆದರೆ ಒಪ್ಪಿಗೆ ನಗುವಿನಿಂದ ಸಿಗಲಿಲ್ಲ. ರೊಟ್ಟಿ ಗಂಟು ಬಿಚ್ಚಿದ ಮುತ್ಯಾ, ಇವರು ಹೂಂ ಅನ್ನುವ ತನಕ ಇಲ್ಲಿಂದ ಏಳುವುದಿಲ್ಲವೆಂದು ನನಗೆ ಹೇಳಿ ಕಳಿಸಿದ. ಸಂಜೆ ಮನೆಗೆ ಬಂದಾಗ ಹೂಂ ಅನ್ನಿಸಿಕೊಂಡೇ ಬಂದಿದ್ದ.

ರಾತ್ರಿ ಊಟಕ್ಕೆ ಕೂತಾಗ ನಾನು ಎಲ್ಲರೆದುರಿಗೇ ಬಾಯಿ ತೆರೆದೆ. "ಹೆಚ್ಚಿಗಿ ಹೊತ್ತು ಬ್ಯಾಡ ನನಗ. ಪಾಳಿ ತಿರುವಿ ಹಾಕ್ರಿ. ನಾಳಿಯಿಂದ ಮೊದ್ಲು ನಾ ಆಡ್ತೀನಿ."

ದೊಡ್ಡಪ್ಪನ ಮಗ ತುತ್ತು ಕೈಯಲ್ಲೇ ಹಿಡಿದ. "ಡಬ್ಬಿ ನಂದು."

"ತೂಬೂ ಮ್ಯಾಲಿನವ್ರ ಹೊಲದಾಗಽ ಅದ" ಎಂದೆ.

ಮುತ್ಯಾ ಮಜ್ಜಿಗೆಯ ಬಟ್ಟಲು ಕೆಳಗಿಟ್ಟ. ದಿನವಿಡೀ ತಾನು ಊರವರಿಗೆ ಹೇಳಿದ ಮಾತು ತನ್ನ ಮನೆಯ ಅಡುಗೆಮನೆಯಲ್ಲಿ ಕೇಳಿಸಿದಾಗ ಅವನಿಗೂ ಬೇರೆ ದಾರಿ ಇರಲಿಲ್ಲ. ನಮ್ಮ ಆಯಿ, ಮುತ್ಯಾನ ಹೆಂಡತಿ, ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಏನು ಸಾಕೀದಿ ನೀ ಅದ್ರಾಗ?" ಎಂದು ಕೇಳಿದ ಮುತ್ಯಾ.

"ಹುಳ."

"ತೊಗರಿಗಿ ಬೀಳೂ ಕೀಡಿ ಏನು?"

"ಅಲ್ಲ ಮುತ್ಯಾ. ಇದು ಏನೂ ತಿನ್ನಂಗಿಲ್ಲ."

"ತಿನ್ನದಽ ಬೆಳೀತದಂದ್ರ ಈ ಮನ್ಯಾಗ ಅದೊಂದಽ ಚಲೋ ಅದ" ಎಂದು ಹುಡುಗರಿಬ್ಬರ ತಟ್ಟೆ ನೋಡಿದ. "ನಾಳಿಯಿಂದ ಮೊದ್ಲು ಅಕಿ."

ಮರುದಿನದಿಂದ ಪರದೆ ಬೆಳ್ಳಗೆ ಹೊಳೆಯಿತು. ಹುಳ ಗೆದ್ದಿತು, ಮತ್ತೆ ಗೆದ್ದಿತು. ಆ ವಾರ ನಮ್ಮ ಮೆಣಸಿನ ಪಟ್ಟಿಗೂ ನೀರು ಬಂತು. ನಾನೂ ಆಯಿಯೂ ಸಾಲಿನ ಬಾಯಿ ಬಿಡಿಸುತ್ತ ಮೈ ತುಂಬ ಕೆಸರಾದೆವು. ಮುಂದಿನ ಪಾಳಿಗೆ ಮೇಲಿನವರು ಮತ್ತೆ ಮೇಲಿನಿಂದಲೇ ಶುರು ಮಾಡಿದರು, ಮುತ್ಯಾ ಮತ್ತೆ ಹೋಗಿ ಬೇವಿನ ಕೆಳಗೆ ಕೂತ. ಅದು ವರ್ಷಗಟ್ಟಲೆ ನಡೆದ ಕಥೆ.

ಇತ್ತ ಆ ಸೂಟಿಯಲ್ಲೇ ಹುಳದ ರೂಪ ಬದಲಾಯಿತು, ಆದರೆ ನಾನೆಣಿಸಿದ ಹಾಗಲ್ಲ. ಚಿಪ್ಪು ಒಡೆದು ಬಿದ್ದು ಒಳಗಿನಿಂದ ಬಿಳಿಚಿಕೊಂಡ, ಮೆತ್ತನೆಯ ಒಂದು ಜೀವ ಹೊರಬಂತು. ಮೊದಲು ಹತ್ತು ಏಟು ತಾಳುತ್ತಿದ್ದದ್ದು ಈಗ ಒಂದೇ ಏಟಿಗೆ ಉರುಳುತ್ತಿತ್ತು.

"ಮೊದ್ಲಽ ಚಲೋ ಇತ್ತಲ್ಲ" ಎಂದ ಅಣ್ಣ. "ದೊಡ್ಡದಾಗೂದಂದ್ರ ಇದಽ ಏನು?"

"ಬಿಡ್ಲ್ಯಾ?" ಎಂದ ದೊಡ್ಡಪ್ಪನ ಮಗ.

"ಸೂಟಿ ಮುಗಿದಿಲ್ಲ. ಏಡಿ ನೋಡಿಲ್ಲೇನು ನೀವು?" ಎಂದೆ.

ಕಾಲುವೆಯ ಸಂಗಡ ನಮ್ಮೂರಿಗೆ ಏಡಿಗಳೂ ಬಂದಿದ್ದವು. ಹೊಲಗಾಲುವೆಯ ಅಂಚಿನಲ್ಲಿ ಹಳೆಯ ಚಿಪ್ಪು ಬಿಚ್ಚಿಟ್ಟು ಮೆತ್ತಗಾಗಿ ಕೂತ ಏಡಿಯನ್ನು ನಾನು ಮುಟ್ಟಿ ನೋಡಿದ್ದೆ. ಎರಡು ದಿನ ಬಿಟ್ಟು ಹೋದರೆ ಅದರ ಮೈ ಕಲ್ಲಾಗಿತ್ತು. ಆಟ ಮಾಡಿದವರು ನಮ್ಮ ಏಡಿಯನ್ನು ಕಂಡಿದ್ದರೋ ಇಲ್ಲವೋ ತಿಳಿಯದು, ನಾನಂತೂ ಏಡಿಯನ್ನೇ ನಂಬಿದೆ. ದೊಡ್ಡ ಪ್ರಾಣಿಗಳ ದಾರಿಗೆ ಹೋಗದೆ ಹುಲ್ಲಿನಂಚಿನ ಸಣ್ಣ ಪುಟ್ಟವನ್ನೇ ಹುಡುಕಿ ಹುಡುಕಿ ಹೊಡೆಸಿದೆ. ಸೋತರೆ ಆರೈಕೆ ಮಾಡಿಸಿ ಮತ್ತೆ ಹುಲ್ಲಿಗೆ ಬಂದೆ.

ಸೂಟಿಯ ಕೊನೆಯ ಬೆಳಿಗ್ಗೆಯೂ ಬಂತು. ದೊಡ್ಡಪ್ಪನ ಮಗನ ಚೀಲ ಹೊಸ್ತಿಲಲ್ಲಿತ್ತು. ಮನೆಯಲ್ಲಿದ್ದ ಸೆಲ್ಲುಗಳೆಲ್ಲ ಮುಗಿದಿದ್ದವು. ಇನ್ನೊಂದು ಗೆಲುವು ಬೇಕೆನ್ನುವಾಗ ಕೆಂಪು ದೀಪ ಮಿಣುಕಿತು. ಆಡಿದ್ದನ್ನು ಉಳಿಸುವ ಗುಂಡಿ ಒತ್ತಿದೆನೋ ಇಲ್ಲವೋ, ಪರದೆ ಆರಿತು.

"ಆತಲ್ಲ" ಎಂದು ಅವನು ಕೈ ಚಾಚಿದ.

ನಾನು ಡಬ್ಬಿ ಕೊಡಲಿಲ್ಲ. ಕಣ್ಣು ಗೋಡೆಯ ಮೇಲೆ ಹೋಯಿತು. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಚಾಪೆಯ ಮೇಲೆ ಚಹಾ ಕುಡಿಯುತ್ತಿದ್ದ ಮುತ್ಯಾ ನಾನು ನೋಡಿದ್ದನ್ನು ನೋಡಿದ. ಎದ್ದು, ಗಡಿಯಾರ ಇಳಿಸಿ, ಬೆನ್ನಿನ ಸೆಲ್ಲು ತೆಗೆದು ನನ್ನ ಅಂಗೈಯಲ್ಲಿಟ್ಟ.

"ಬಸ್ಸು ಹೆಂಗ ಗೊತ್ತಾಗ್ತದ?" ಎಂದಳು ಆಯಿ.

"ಹಾರ್ನ್ ಹೊಡೀತದ" ಎಂದ ಮುತ್ಯಾ.

ಡಬ್ಬಿಗೆ ಎರಡು ಸೆಲ್ಲು ಬೇಕು: ಒಂದು ಗಡಿಯಾರದ್ದು, ಇನ್ನೊಂದು ಸತ್ತದ್ದು. ಪರದೆ ಹೊತ್ತಿತು. ಹುಲ್ಲಿನಲ್ಲಿ ಒಂದು ಇಲಿಯಂಥದ್ದು ಎದುರಾಯಿತು. ನನ್ನ ಮೆತ್ತನೆಯ ಹುಳ ಏಟು ತಿಂದು ಹಿಂದೆ ಸರಿದು, ಮತ್ತೆ ಮುಂದೆ ಬಂದು ಹೊಡೆಯಿತು. ಇಲಿ ಬಿತ್ತು. ಪರದೆ ಒಮ್ಮೆ ಬೆಳ್ಳಗಾಗಿ, ಆ ಬಿಳುಪಿನಲ್ಲಿ ಮೊದಲು ಭುಜ ಕಾಣಿಸಿತು, ಆಮೇಲೆ ಎದೆ, ಆಮೇಲೆ ಕಾಲುಗಳ ಮೇಲಿನ ತಗಡು. ಎರಡು ಕಾಲ ಮೇಲೆ ಎದ್ದು ನಿಂತ ಅದರ ಮೈಯಲ್ಲಿ ಚಿಪ್ಪಿಲ್ಲದ ಜಾಗವೇ ಇರಲಿಲ್ಲ.

ಉಳಿಸುವ ಗುಂಡಿ ಒತ್ತಿ, ಡಬ್ಬಿಯನ್ನು ಅವನ ಕೈಗಿಟ್ಟೆ.

ಅವನು ಹೊಸ್ತಿಲಲ್ಲೇ ಕೂತ. ದೂರದಲ್ಲಿ ಹಾರ್ನ್ ಕೇಳಿಸಿತು, ಅಣ್ಣ ಚೀಲ ಎತ್ತಿಕೊಂಡು ಏರಿಯತ್ತ ಓಡಿದ. ದೊಡ್ಡಪ್ಪನ ಮಗ ಮಾತ್ರ ಗುಂಡಿ ಒತ್ತುತ್ತಲೇ ಇದ್ದ. ಬಿಟ್ಟೇ ಬಿಡುತ್ತಾನೇನೋ ಎಂದು ನಾನು ಬಗ್ಗಿ ನೋಡಿದೆ. ಆರು ಪ್ರಾಣಿಗಳ ಸಾಲಿನಲ್ಲಿ ಕೊನೆಗಿದ್ದ ಹುಳವನ್ನು ಒಂದೊಂದೇ ಮನೆ ಮೇಲೇರಿಸಿ, ತನ್ನ ಪ್ರಾಣಿಯನ್ನು ಕೆಳಗೆ ಸರಿಸಿ, ಅದನ್ನು ಎಲ್ಲಕ್ಕೂ ಮೊದಲು ನಿಲ್ಲಿಸಿದ.

"ಎಣ್ಣಿ ಹೊಡದ್ರೂ ಇದು ಸಾಯಂಗಿಲ್ಲ" ಎಂದು ಎದ್ದು ಓಡಿದ.

ಗಡಿಯಾರದ ಸೆಲ್ಲು ಅವನ ಸಂಗಡವೇ ಯಾದಗಿರಿಗೆ ಹೋಯಿತು. ಮುಂದಿನ ಸಂತೆಯ ತನಕ ಆಯಿ ಗೋಡೆ ನೋಡಿ, ನನ್ನನ್ನು ನೋಡಿ, ಅಂಗಳಕ್ಕೆ ಹೋಗಿ ಬಿಸಿಲು ನೋಡಿ ಬಂದು ಒಲೆ ಹಚ್ಚುತ್ತಿದ್ದಳು.