ನೀಲಿ ಎಳೆಯ ಐದನೆಯ ಗಂಟು

ಬಣ್ಣದ ಚಾಚಾರ ಉಗುರುಗಳು ನೀಲಿ. ಉಗುರಿನ ಸುತ್ತ ಮಸಿಯಲ್ಲಿ ಗೆರೆ ಎಳೆದಂತೆ ಕಡುನೀಲಿ, ಮೊಣಕೈಯವರೆಗೆ ಮಾಸಿದ ನೀಲಿ, ಅಲ್ಲಿಂದ ಮೇಲೆ ಎಲ್ಲರಂಥ ಮೈಬಣ್ಣ. ನಮಾಜಿಗೆ ಮುಂಚೆ ಅವರು ಕೈಕಾಲು ತೊಳೆಯುವಾಗ ನಾನು ಎದುರಿನ ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದೆ, ಇವತ್ತಾದರೂ ನೀರು ನೀಲಿಯಾಗುತ್ತದೇನೋ ಎಂದು. ಆಗುತ್ತಿರಲಿಲ್ಲ. "ತಂಗಿ, ನನ್ನ ಬಣ್ಣ ಬಿಡೂದಲ್ಲ. ದಿನಾ ಬಂದು ಕುಂತ್ರೂ ಬಿಡೂದಲ್ಲ," ಎಂದು ನಗುತ್ತಿದ್ದರು.

ನಾನಾಗ ಎಂಟು ವರ್ಷದವಳು. ನಮ್ಮದು ಬಾಗಲಕೋಟೆಯಲ್ಲಿ ಹೊಳೆಗೆ ಹತ್ತಿದ ಕೊನೆಯ ಓಣಿ. ಅಪ್ಪ ಕಚೇರಿಯಲ್ಲಿ ಕಾರಕೂನ. ನಮ್ಮ ಮನೆ ದಾಟಿದರೆ ಚಾಚಾರ ಬಣ್ಣದ ಛಪ್ಪರ, ಅದನ್ನು ದಾಟಿದರೆ ಘಟಪ್ರಭೆ. ಛಪ್ಪರದಲ್ಲಿ ಬಣ್ಣ ಕಲಸುವ ಮೂರು ಬಾನಿಗಳು ನೆಲದಲ್ಲಿ ಕುತ್ತಿಗೆಯವರೆಗೆ ಹೂತಿದ್ದವು. ಇಳಕಲ್ಲಿನ ನೇಕಾರರಿಗೆ ಅವರು ನೂಲಿಗೆ ನೀಲಿ ಹಾಕಿ, ಚಕ್ಕಡಿಯಲ್ಲಿ ಹೇರಿಕೊಂಡು ಹೋಗಿ ಕೊಟ್ಟು ಬರುತ್ತಿದ್ದರು. ಬರುವಾಗ ಅಮೀನಗಡದಲ್ಲಿ ಇಳಿದು ನಮಗಾಗಿ ಕರದಂಟು ತರುವುದನ್ನು ಎಂದೂ ಮರೆಯುತ್ತಿರಲಿಲ್ಲ. ಕಟ್ಟಿದ ಎಲೆಯ ಮೇಲೆಲ್ಲ ಅವರ ಹೆಬ್ಬೆರಳಿನ ಗುರುತು ಇದೆಯೇನೋ ಎಂದು ನಾನು ಹುಡುಕುತ್ತಿದ್ದೆ.

ಓಣಿಯಲ್ಲಿ ಹೊಳೆಯ ಸುದ್ದಿ ಮೊದಲು ತಿಳಿಯುತ್ತಿದ್ದುದು ಅವರಿಗೇ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಒಂದು ಬಿಳಿ ನೂಲಿನ ಲಡಿಯನ್ನು ಹೊಳೆಯಲ್ಲಿ ಅದ್ದಿ, ಹಿಂಡಿ, ಬೆಳಕಿಗೆ ಹಿಡಿದು ನೋಡುವರು. ನೂಲಿಗೆ ಕೆಂಪು ಹತ್ತಿತೆಂದರೆ ಅಂದು ಬಣ್ಣದ ಕೆಲಸ ಬಂದ್. ಒದ್ದೆ ಲಡಿಯನ್ನು ಹೆಗಲಿಗೆ ಹಾಕಿಕೊಂಡು ಮನೆ ಮನೆಗೆ ಬರುತ್ತಿದ್ದರು. "ಘಟ್ಟದಾಗ ಮಳಿ ಹೊಡ್ಯಾಕತ್ತೈತಿ. ಕಾಳು ಕಡಿ ಅಟ್ಟದ ಮ್ಯಾಲ ಇಡ್ರಿ." ಆಗ ನಮ್ಮ ನೆತ್ತಿಯ ಮೇಲೆ ಚುರುಚುರು ಬಿಸಿಲು. ಹೊಸದಾಗಿ ಬಂದ ಸೊಸೆಯಂದಿರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಎರಡು ದಿನಕ್ಕೆ ಹೊಳೆ ಛಪ್ಪರದ ಕಂಬ ಮುಟ್ಟುತ್ತಿತ್ತು, ನಗು ನಿಲ್ಲುತ್ತಿತ್ತು.

ಮುಂಗಾರಿನ ಮಿರಗದ ಮಳೆ ಕೂಡುವ ದಿನ ಅವರು ಓಣಿಯ ಪ್ರತಿ ಬಾಗಿಲಿಗೂ ಒಂದು ನೀಲಿ ಎಳೆ ಕಟ್ಟುತ್ತಿದ್ದರು. ಮನೆಯಲ್ಲಿ ಎಷ್ಟು ಮಂದಿಯೋ ಎಳೆಗೆ ಅಷ್ಟು ಗಂಟು. ಆಮೇಲೆ ಕೂಸು ಹುಟ್ಟಿದರೆ ಮನೆಯವರೇ ಒಂದು ಗಂಟು ಹಾಕಬೇಕು, ಯಾರಾದರೂ ತೀರಿದರೆ ಮನೆಯವರೇ ಬಿಚ್ಚಬೇಕು. ಹೊಳೆ ಏರಿ ಹಲಗೆ ಬಾರಿಸಿದರೆಂದರೆ ಎಲ್ಲರೂ ದಿಬ್ಬದ ಮೇಲೆ ಹತ್ತಿ ಕೂಡಿಡುವ ವಖಾರಕ್ಕೆ ನಡೆಯಬೇಕು. ದೊಡ್ಡವರ ಕೈಯಲ್ಲಿ ಹಾಸಿಗೆ, ಪಾತ್ರೆ, ಮುದುಕರು. ಹೀಗಾಗಿ ಎಳೆ ತರುವುದು ಮನೆಯ ಮಗುವಿನ ಕೆಲಸ. ವಖಾರದ ಬಾಗಿಲಲ್ಲಿ ಕುಳಿತ ಚಾಚಾ ಒಬ್ಬೊಬ್ಬರು ಒಳಗೆ ಹೋದಂತೆ ಒಂದೊಂದು ಗಂಟು ಬಿಚ್ಚುವರು. ಗಂಟು ಉಳಿದರೆ ಯಾರೋ ಕೆಳಗೆ ಉಳಿದಿದ್ದಾರೆ.

"ಏನ ಚಾಚಾ, ಸರ್ಕಾರ ಹತ್ತು ವರ್ಷಕ್ಕೊಮ್ಮೆ ಮಂದಿ ಎಣಸತೈತಿ, ನೀ ವರ್ಷಾ ಎಣಸ್ತಿಯಲ್ಲ," ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದರು.

"ಸರ್ಕಾರ ಬರದಿಡಾಕ ಎಣಸತೈತ್ರಿ ಕಾರಕೂನ ಸಾಹೇಬ್ರ. ನಾ ಕರಕೊಂಡು ಹೋಗಾಕ ಎಣಸ್ತೇನಿ."

ಈ ಎಣಿಕೆ ಯಾಕೆ ಶುರುವಾಯಿತೆಂದು ಒಮ್ಮೆ ಅವ್ವನ ಮುಂದೆ ಹೇಳಿದ್ದರು, ಮಜ್ಜಿಗೆಯ ಲೋಟ ಕೈಯಲ್ಲಿ ಹಿಡಿದು, ಕುಡಿಯದೆ. "ನಾ ಸಣ್ಣಾಂವ ಇದ್ದಾಗ ಹೊಳಿ ಬಂತು ತಂಗೆವ್ವ. ಅಮ್ಮಾ ಅಣ್ಣನ ಕೂಡ ಹೋಗ್ಯಾಳ ಅಂತ ನಾ ತಿಳಕೊಂಡ್ನಿ. ನನ್ನ ಕೂಡ ಹೋಗ್ಯಾಳ ಅಂತ ಅಣ್ಣ ತಿಳಕೊಂಡ. ಆಕಿ ಯಾರ ಕೂಡನೂ ಬಂದಿದ್ದಿಲ್ಲ." ಅಷ್ಟೇ ಹೇಳಿ ಮಜ್ಜಿಗೆ ಕುಡಿದು ಎದ್ದು ಹೋದರು.

ಆ ವರ್ಷ ನಮ್ಮ ಎಳೆಗೆ ಐದು ಗಂಟು. ಅಜ್ಜಿ, ಅಪ್ಪ, ಅವ್ವ, ನಾನು, ಎರಡು ವರ್ಷದ ತಮ್ಮ. ಚಾಚಾ ನೂಲು ಹೇರಿಕೊಂಡು ಇಳಕಲ್ಲಿಗೆ ಹೋದ ಮೇಲೆ ತಮ್ಮನಿಗೆ ಜ್ವರ ಬಂತು. ಆರನೆಯ ದಿನ ತಮ್ಮ ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅಜ್ಜಿ ಮೆಲ್ಲಗೆ, "ಬಾಗಲದಾಗಿಂದು ಒಂದು ಗಂಟು ಬಿಚ್ಚವಾ," ಎಂದಳು. ಅವ್ವ, "ನಾಳಿ ಬಿಚ್ಚತೇನಿ," ಎಂದಳು. ಮರುದಿನವೂ ನಾಳಿ ಎಂದಳು. ಅವಳು ಬಾಗಿಲಿಗೆ ಹೋಗಿ ಎಳೆ ಹಿಡಿದು ನಿಲ್ಲುವುದನ್ನು ನಾನು ನೋಡಿದ್ದೆ. ಹಿಡಿದುಕೊಂಡು, ಕೊನೆಯ ಸಣ್ಣ ಗಂಟನ್ನು ಹೆಬ್ಬೆರಳಿನಿಂದ ತಿಕ್ಕಿ, ಬಿಟ್ಟು ಬರುತ್ತಿದ್ದಳು. ಮನೆಯಲ್ಲಿ ಯಾರೂ ಸತ್ತ ಎಂಬ ಮಾತು ಆಡುತ್ತಿರಲಿಲ್ಲ. ಅವ್ವನ ಮುಂದೆ ಆಡಬಾರದೆಂದು ಅಜ್ಜಿ ನನಗೂ ಹೇಳಿದ್ದಳು.

ಚಾಚಾ ಊರಲ್ಲಿ ಇಲ್ಲದ್ದರಿಂದ ಬಿಳಿ ಲಡಿಯನ್ನು ಹೊಳೆಗೆ ಅದ್ದುವವರು ಯಾರೂ ಇರಲಿಲ್ಲ. ಶ್ರಾವಣದ ಒಂದು ಮುಂಜಾನೆ ಹೊಳೆ ಒಮ್ಮೆಲೇ ಛಪ್ಪರದೊಳಗೆ ಬಂತು. ಅದೇ ಹೊತ್ತಿಗೆ ಅವರ ಚಕ್ಕಡಿಯೂ ಊರು ಸೇರಿತು. ಮನೆಗೂ ಹೋಗದೆ, ಯಾರೊಡನೆಯೂ ಕುಶಲ ಮಾತಾಡದೆ, ಹಲಗೆಯವನನ್ನು ಕರೆದು ಬಾರಿಸಲು ಹೇಳಿ, ನೇರ ವಖಾರದ ಬಾಗಿಲಿಗೆ ಹೋಗಿ ಕುಳಿತರು.

ಮಧ್ಯಾಹ್ನದ ಹೊತ್ತಿಗೆ ನಾವು ದಿಬ್ಬ ಏರಿದೆವು. ಅಪ್ಪ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತಿದ್ದರು. ಅವ್ವನ ತಲೆಯ ಮೇಲೆ ಹಾಸಿಗೆ. ಗದ್ದಲದಲ್ಲಿ ಅವರು ಮುಂದೆ ಒಳಗೆ ಹೋದರು. ನಾನು ಎಳೆ ಹಿಡಿದು ಚಾಚಾರ ಮುಂದೆ ನಿಂತೆ. ಅವರ ಬೆರಳು ಸರಸರ ಆಡಿದವು.

"ಅಪ್ಪಂದು. ಅಜ್ಜಿದು. ಅವ್ವಂದು. ಇದು ನಿಂದು. ಮತ್ತ ಇದು?"

"ತಮ್ಮಂದು," ಎಂದೆ.

ಅವರು ನನ್ನ ಹಿಂದೆ ನೋಡಿದರು. "ಎಲ್ಲಿದ್ದಾನ? ಯಾರು ಎತಗೊಂಡಾರ?"

ನಾನು ಸುಮ್ಮನೆ ನಿಂತೆ. ಹೇಳಬಾರದೆಂದ ಮಾತು ಅದೊಂದೇ, ಹೇಳಬೇಕಾದ ಮಾತೂ ಅದೊಂದೇ. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, "ಅಂಜಬ್ಯಾಡ, ತರ್ತೇನಿ ನಿಲ್ಲು," ಎಂದು ಎಳೆಯನ್ನು ಹಲಗೆಯವನ ಕೈಗಿತ್ತು ಇಳಿಜಾರಿನಲ್ಲಿ ಓಡಿದರು. ಇನ್ನೂ ನಲವತ್ತರ ಆಸುಪಾಸಿನವರು, ಚೆನ್ನಾಗಿ ಓಡುತ್ತಿದ್ದರು. ತಿರುವಿನವರೆಗೆ ಅವರ ನೀಲಿ ಕೈ ಕಾಣುತ್ತಿತ್ತು. ನಾನು ಆಗಲೂ ಕೂಗಲಿಲ್ಲ.

ನನ್ನನ್ನು ಹುಡುಕುತ್ತ ಅವ್ವ ಹೊರಗೆ ಬಂದಳು. ಹಲಗೆಯವನ ಕೈಯಲ್ಲಿದ್ದ ಎಳೆ ನೋಡಿದಳು, ಅದರ ತುದಿಯ ಒಂದು ಗಂಟು ನೋಡಿದಳು. "ಚಾಚಾ ಎಲ್ಲಿ?" ಎಂದಳು. ನಾನು ಓಣಿಯ ಕಡೆ ಬೆರಳು ಮಾಡಿದೆ. ಅಂಥ ಕೂಗನ್ನು ನಾನು ಮತ್ತೆಂದೂ ಕೇಳಿಲ್ಲ. ತಮ್ಮ ಹೋದಾಗಲೂ ಅವಳು ಹಾಗೆ ಕೂಗಿರಲಿಲ್ಲ.

ಅಪ್ಪ ಮತ್ತು ಅಂಬಿಗರು ಹರಗೋಲು ತೆಗೆದುಕೊಂಡು ಹೋದರು. ನಮ್ಮ ಮನೆಯ ಹಿಂದಿನ ಮಣ್ಣಿನ ಗೋಡೆ ಕುಸಿದಿತ್ತು. ಚಾಚಾ ಆ ಮಣ್ಣಿನಲ್ಲಿ ಸೊಂಟದವರೆಗೆ ಹೂತು, ಎದೆಮಟ್ಟದ ನೀರಿನಲ್ಲಿ ಸಿಕ್ಕರು. ಕೈಯಲ್ಲಿ ತೊಟ್ಟಿಲಿನ ಹಗ್ಗ ಹಿಡಿದಿದ್ದರಂತೆ.

ವಖಾರದಲ್ಲಿ ಹತ್ತಿಯ ಮೇಲೆ ಅವರನ್ನು ಮಲಗಿಸಿದರು. ಮೂರು ದಿನ ಇದ್ದರು. ಅವ್ವ ಅವರ ಕಾಲ ಬಳಿ ಕುಳಿತು, "ನಾ ಬಿಚ್ಚಲಿಲ್ರಿ ಚಾಚಾ. ನನ್ನ ಕೈಲೆ ಆಗಲಿಲ್ಲ," ಎಂದು ಅದನ್ನೇ ಹೇಳುತ್ತಿದ್ದಳು.

ಅವರಿಗೆ ಉಸಿರು ಮೇಲೆ ಬರುತ್ತಿತ್ತು. "ತೊಟ್ಟಿಲದಾಗ ನೋಡಿದ್ನಿ ತಂಗೆವ್ವ. ಅಟ್ಟದ ಮ್ಯಾಲ ನೋಡಿದ್ನಿ. ಕಣಜದ ಹಿಂದ ನೋಡಿದ್ನಿ. ಇದ್ದಿದ್ರ ತರ್ತಿದ್ನಿ. ಖರೇನ ತರ್ತಿದ್ನಿ." ತಪ್ಪು ತಮ್ಮದೇ ಎಂಬಂತೆ ಹೇಳಿದರು. ನನ್ನನ್ನು ಕಂಡಾಗ ತಲೆಯ ಮೇಲೆ ಕೈ ಇಟ್ಟು, "ಎಳಿ ಚೊಲೋ ಹಿಡಕೊಂಡು ಬಂದಿ," ಎಂದರು. ಅದು ನನಗೆ ಅವರ ಕೊನೆಯ ಮಾತು. ಮಣ್ಣಿಗೆ ಒಯ್ಯುವ ಮುಂಚೆ ಅವರಿಗೆ ಸ್ನಾನ ಮಾಡಿಸಿದರು. ಪರದೆಯ ಕೆಳಗಿನಿಂದ ಹರಿದು ಬಂದ ನೀರನ್ನು ನಾನು ನೋಡಿದೆ. ತಿಳಿಯಾಗಿಯೇ ಇತ್ತು.

ಅವರ ಮನೆಯ ಎಳೆಗೆ ಎರಡೇ ಗಂಟು, ಅವರದು ಮತ್ತು ಅವರ ಹೆಂಡತಿ ಚಾಚಿಯದು. ಚಾಚಿಯದನ್ನು ವಖಾರದ ಬಾಗಿಲಲ್ಲಿ ಅವರೇ ಬಿಚ್ಚಿದ್ದರು, ಅವರದು ಉಳಿದಿತ್ತು. ಹೊಳೆ ಇಳಿದ ಮೇಲೆ ಅವ್ವ ನನ್ನ ಕೈ ಹಿಡಿದು ಚಾಚಿಯ ಬಳಿಗೆ ಹೋದಳು. ಚಾಚಿ ಎಳೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅವ್ವ ಎದುರಿಗೆ ಕುಳಿತಳು.

"ನೀವು ಆಕಡೆ ನೋಡ್ರಿ. ನಾ ಬಿಚ್ಚತೇನಿ," ಎಂದಳು ಅವ್ವ.

ಚಾಚಿ ಅವಳನ್ನು ದಿಟ್ಟಿಸಿದರು. ಬೈಯುತ್ತಾರೆಂದು ನಾನು ಅವ್ವನ ಸೆರಗು ಹಿಡಿದುಕೊಂಡೆ. "ಬಿಚ್ಚು," ಎಂದರು ಚಾಚಿ. "ಇದು ಎಷ್ಟು ಬಿಗಿ ಇರತೈತಿ ಅಂತ ನಿನಗ ಗೊತ್ತೈತಿ." ಮತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು.

ಮನೆಗೆ ಬಂದು ಅವ್ವ ತಮ್ಮನ ಗಂಟನ್ನೂ ಬಿಚ್ಚಿದಳು, ಹಲ್ಲಿನಿಂದ ಕಚ್ಚಿ.

ಮುಂದೆ ಮಿರಗದ ದಿನ ಎಳೆ ಕಟ್ಟುವ ಕೆಲಸ ಅವ್ವ ಮತ್ತು ಚಾಚಿಯದಾಯಿತು. ಒಂದು ರೂಢಿ ಮಾತ್ರ ಬದಲಾಯಿತು. ಯಾರ ಮನೆಯಲ್ಲಿ ಸಾವಾದರೂ ಗಂಟನ್ನು ಆ ಮನೆಯವರು ಬಿಚ್ಚಬಾರದು. ಹೊರಗಿನವರೇ ಹೋಗಬೇಕು. ಅವ್ವ ಕೈಲಾಗುವವರೆಗೆ ತಾನೇ ಹೋದಳು. ಮಗನನ್ನೋ ಗಂಡನನ್ನೋ ಕಳೆದುಕೊಂಡವರ ಎದುರು ಕುಳಿತು, ಆಕಡೆ ನೋಡ್ರಿ ಎನ್ನುತ್ತಿದ್ದಳು.

ನನ್ನನ್ನು ಬೆಳಗಾವಿಯ ಕಾನ್ವೆಂಟಿಗೆ ಕಳಿಸಿದರು. ಮೊದಲ ದಿನ ಸಿಸ್ಟರ್, ತಮ್ಮ ತಂಗಿಯರು ಎಷ್ಟು ಜನ ಎಂದು ಕೇಳಿದರು. "ಒಬ್ಬ ತಮ್ಮ ಇದ್ದ. ಸತ್ತ," ಎಂದೆ. ಎಷ್ಟು ಸಲೀಸಾಗಿ ಬಂತು ಮಾತು. ಬೆನ್ನು ತಿರುಗಿಸಿ ಅತ್ತೆ. ಸಿಸ್ಟರ್ ತಮ್ಮನಿಗಾಗಿ ಎಂದುಕೊಂಡರು.

ನಮ್ಮ ಮನೆಯ ಆ ವರ್ಷದ ಎಳೆ ಈಗ ಹುನಗುಂದದ ನನ್ನ ಮನೆಯಲ್ಲಿ, ಅವ್ವನ ಇಳಕಲ್ ಸೀರೆಯ ಮಡಿಕೆಯಲ್ಲಿದೆ. ನೀಲಿ ಒಂದಿಷ್ಟೂ ಮಾಸಿಲ್ಲ. ಗಂಟಿದ್ದ ಐದು ಕಡೆ ನೂಲು ಇನ್ನೂ ಸ್ವಲ್ಪ ಮುರುಟಿದೆ, ಎಷ್ಟು ನೀವಿದರೂ ನೆಟ್ಟಗಾಗುವುದಿಲ್ಲ. ನಾಲ್ಕು ಗಂಟು ಚಾಚಾ ಬಿಚ್ಚಿದವು. ಐದನೆಯದನ್ನು ಅಂದು ನಾನು ಒಂದು ಮಾತಿನಿಂದ ಬಿಚ್ಚಬಹುದಿತ್ತು.